ಹರವಿದವಳೇ ಮಡಚಬೇಕೆಂದ ನೀಲಗಂಗಾ

ಹುಬ್ಬಳ್ಳಿ,
ಕ್ರಿ.ಶ. ೨೨೬೧, ಆಷಾಢದ ನಲವತ್ತೊಂದನೆಯ ದಿನ

ಪೂಜ್ಯ ಮುತ್ಯಾನವರಿಗೆ, ಏಳು ತಲೆಮಾರು ಕೆಳಗಿನ ನಿಮ್ಮ ಮೊಮ್ಮಗಳು ಗುರುಬಸವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಬೀಳುವವರೆಗೂ ತಿಂಗಳು ಮುಗಿಸಬಾರದೆಂಬ ಪದ್ಧತಿ ನಮ್ಮಲ್ಲಿ ಬಂದು ಬಹಳ ಕಾಲವಾಯಿತು. ಹೀಗಾಗಿ ಆಷಾಢದ ರಿಯಾಯಿತಿ ಮಾರಾಟವೂ ನಿಲ್ಲುತ್ತಿಲ್ಲ. ಅಂಗಡಿಯವಳಾದ ನನ್ನ ಹೊಟ್ಟೆಯುರಿ ನಿಮಗಲ್ಲದೆ ಇನ್ಯಾರಿಗೆ ತಿಳಿದೀತು? ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ.

ನಿಮ್ಮ ಸೀರೆ ಅಂಗಡಿ ಇನ್ನೂ ಇದೆ. ಈಗಲೂ ಬಿಳಿ ಗಾದಿಯ ಮೇಲೆ ಕೂತೇ ಸೀರೆ ಹರವುತ್ತೇವೆ. ಗಿರಾಕಿಗಳೂ ಹಾಗೇ ಇದ್ದಾರೆ, ರಾಶಿ ಸೀರೆ ಬಿಚ್ಚಿಸಿ ಮೊದಲು ತೋರಿಸಿದ್ದನ್ನೇ ಒಯ್ಯುತ್ತಾರೆ. ಕೆಲಸದ ರೀತಿ ಮಾತ್ರ ಬದಲಾಗಿದೆ. ಅಂಗಡಿ, ಹೋಟೆಲು, ದವಾಖಾನೆ, ಎಲ್ಲೇ ಆಗಲಿ, ಯಾರೂ ಅರ್ಧ ದಿನಕ್ಕಿಂತ ಹೆಚ್ಚು ದುಡಿಯುವುದಿಲ್ಲ. ಉಳಿದರ್ಧವನ್ನು ‘ಇನ್ನೊಂದು ಹೊತ್ತು’ ಎನ್ನುತ್ತೇವೆ. ಆ ಹೊತ್ತಿನಲ್ಲಿ ಒಬ್ಬಳು ಮಕ್ಕಳಿಗೆ ಈಜು ಕಲಿಸುತ್ತಾಳೆ, ಒಬ್ಬ ಅತ್ತೆಯ ಕಾಲೊತ್ತುತ್ತಾನೆ, ಇನ್ನೊಬ್ಬ ಉಣಕಲ್ ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಕೆಲಸ ಕೇಳಿ ಬಂದವರಿಗೆ ಮಾಲೀಕರ ಮೊದಲ ಪ್ರಶ್ನೆಯೇ ‘ನಿನ್ನ ಇನ್ನೊಂದು ಹೊತ್ತು ಯಾವುದು?’ ಉತ್ತರಕ್ಕೆ ತಡವರಿಸಿದರೆ ಕೆಲಸವಿಲ್ಲ. ಮಧ್ಯಾಹ್ನ ಗಂಟೆ ಬಾರಿಸಿದೊಡನೆ ‘ಕೈಬದಲು’. ಬೆಳಗಿನ ಪಾಳಿಯವರು ಏಳುತ್ತಾರೆ, ಮಧ್ಯಾಹ್ನದವರು ಅದೇ ಗಾದಿಯ ಮೇಲೆ ಕೂರುತ್ತಾರೆ. ಮದುವೆ ಜವಳಿಗೆ ಬಂದ ಮಂದಿ ಸೀರೆ ರಾಶಿಯ ನಡುವೆಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾರೆ.

ನಿಮ್ಮ ಒಂದು ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ. ಅರ್ಧ ದಿನದ ಕೆಲಸ ಕೇಳಿ ಬಂದ ಹೆಂಗಸಿಗೆ ನೀವು ಹೇಳಿದಿರಂತೆ: “ಅರ್ಧಾ ದಿನ ಬರೋರಿಗೆ ಅಂಗಡಿ ಮ್ಯಾಲೂ ಅರ್ಧಾನ ಜೀವ ಇರ್ತೈತಿ.” ಚಿಕ್ಕವಳಿದ್ದಾಗ ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ನಿಮ್ಮ ಕಾಲದ ಮಾಲೀಕರಿಗೆ ಅರ್ಧ ದಿನದವರಲ್ಲಿ ಏನು ಕಾಣಿಸುತ್ತಿತ್ತು ಎಂಬ ಕುತೂಹಲ ಆಗಿನಿಂದಲೂ ಇದೆ. ಹಬ್ಬದ ಗದ್ದಲಕ್ಕೆ ಅವರನ್ನು ಕರೆದು, ಹಬ್ಬ ಮುಗಿದೊಡನೆ ಅವರನ್ನೇ ಮೊದಲು ಕೆಲಸದಿಂದ ಬಿಡಿಸುತ್ತಿದ್ದಿರಂತೆ. ಕೆಲಸ ಕಲಿಸುತ್ತಿರಲಿಲ್ಲವಂತೆ, ಕಲಿತಿಲ್ಲವೆಂದು ಬೈಯುತ್ತಿದ್ದಿರಂತೆ. ನಿಜವೇ? ಚಹಾ ಬಂದಾಗ ಅವರಿಗೂ ಒಂದು ಕಪ್ಪು ಇರುತ್ತಿತ್ತೇ?

ಈ ವಾರ ನನ್ನ ನಗು ನಿಂತಿದೆ. ಬೆಳಗಿನ ಪಾಳಿಯ ನೀಲಗಂಗಾ ಬಂದು ಇಡೀ ದಿನದ ಕೆಲಸ ಕೇಳಿದಳು. ನನಗೆ ಕಸಿವಿಸಿಯಾಯಿತು. ಅಂಥವರ ಬಗ್ಗೆ ನಮ್ಮ ಕಾಲದ ಮಾಲೀಕರಲ್ಲಿ ಒಳ್ಳೆಯ ಮಾತಿಲ್ಲ. ಮನೆಯಲ್ಲಿ ಜಗಳವಿರಬೇಕು, ಇಲ್ಲವೇ ಆಸೆಬುರುಕಿಯಾಗಿರಬೇಕು ಅನ್ನುತ್ತಾರೆ. ನಾನೂ ಹಿಂದೆಮುಂದೆ ನೋಡದೆ ಅಂದುಬಿಟ್ಟೆ: “ಇಡೀ ದಿನ ಇಲ್ಲೇ ಕೂಡಾಕಿಗೆ ಅಂಗಡಿ ಬಿಟ್ರ ಬ್ಯಾರೆ ಜೀವನಾನ ಇಲ್ಲ. ಅಂಥಾಕಿ ಗಿರಾಕಿ ಮನಸ್ಸು ಏನ್ ತಿಳೀತಾಳ?”

ಅವಳು ಸುಮ್ಮನಿರಲಿಲ್ಲ. “ಯಾಕ ಬೇಕು ಅಂತ ಮೊದ್ಲ ಕೇಳ್ರಿ ಅಕ್ಕಾರ. ಮದುಮಗಳ ಮುಂದ ಸೀರಿ ಹರವಾಕಿ ನಾನು, ಗಂಟಿ ಹೊಡದ್ರ ಎದ್ದು ಹೋಗಾಕೀನೂ ನಾನು. ಆಕಿ ಕಡೀಕ ಯಾವ ಸೀರಿ ಹಿಡದ್ಲು, ನಕ್ಕಳೋ ಅತ್ತಳೋ, ಒಂದಿನಾನೂ ನಾ ನೋಡಿಲ್ಲ. ಹರವಿದಾಕೀನ ಮಡಚಬೇಕ್ರಿ. ಇಲ್ಲಾಂದ್ರ ನನಗ ಈ ಕೆಲಸಾನ ಬ್ಯಾಡ.”

ನಾಳೆ ಅವಳಿಗೆ ಉತ್ತರ ಕೊಡಬೇಕು. ನೀಲಗಂಗಾಳಂಥ ಕೈ ಇಡೀ ಪೇಟೆಯಲ್ಲಿಲ್ಲ. ಅವಳು ಬಿಟ್ಟು ಹೋದರೆ ವ್ಯಾಪಾರ ಹೇಗೋ ನಡೆದೀತು, ನನಗೆ ಮಾತ್ರ ಅಂಗಡಿಗೆ ಬರಲು ಮನಸ್ಸಾಗದು. ಇಟ್ಟುಕೊಂಡರೆ ಪೇಟೆಯ ಮಾಲೀಕರು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾಳೆ ಗಂಟೆ ಹೊಡೆದಾಗ ಅವಳು ಏಳಬೇಕಿಲ್ಲ.

ಮುತ್ಯಾ, ನಿಮ್ಮಲ್ಲಿ ಒಂದು ಬೇಡಿಕೆ. ನೀವಾಡಿದ ಮಾತನ್ನು ನಾವು ಏಳು ತಲೆಮಾರು ಕಾಪಾಡಿಕೊಂಡು ಬಂದಿದ್ದೇವೆ. ಅದನ್ನು ಕೇಳಿಸಿಕೊಂಡ ಹೆಂಗಸಿನ ಹೆಸರೇನು, ಉಳಿದರ್ಧ ದಿನ ಅವಳಿಗೆ ಯಾತಕ್ಕೆ ಬೇಕಿತ್ತು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಈ ಪತ್ರ ಮುಟ್ಟುವ ಹೊತ್ತಿಗೆ ಅವಳಿನ್ನೂ ಅಂಗಡಿಯ ಮೆಟ್ಟಿಲು ಇಳಿದಿರದಿದ್ದರೆ ದಯವಿಟ್ಟು ಹಿಂದಕ್ಕೆ ಕರೆಯಿರಿ, ಕೂರಿಸಿ, ಕೇಳಿ.