ಮೇಲೆ ಗಾಳಿ ತೆಳು

ನವೆಂಬರ್ 9, ಶನಿವಾರ

ಆಂಬುಲೆನ್ಸ್ ವ್ಯಾನ್ ತೊಳೆದೆ. ಹಿಂಭಾಗಕ್ಕೆ ಮಾಮೂಲಿಗಿಂತ ಹೆಚ್ಚು ನೀರು ಬೇಕಾಯಿತು. ಸ್ಟ್ರೆಚರನ್ನು ಗೋಡೆಗೆ ಒರಗಿಸಿ ಬಿಸಿಲಿಗಿಟ್ಟೆ. ಟೈರು, ಆಯಿಲ್, ರೇಡಿಯೇಟರ್ ನೋಡಿದ್ದಾಯಿತು. ಎಲ್ಲ ಸರಿಯಾಗಿದೆ. ಅದೇ ಕಷ್ಟ, ಎಲ್ಲ ಸರಿಯಾಗಿದೆ.

ಮೇಲಿನೂರಿನ ಹೆಂಗಸು ನಿನ್ನೆ, ಘಟ್ಟದಾಚೆಯ ಆಸ್ಪತ್ರೆಗೆ ಒಯ್ಯುವಾಗ, ತುದಿ ಮುಟ್ಟುವ ಮೊದಲೇ ಹೋದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಕೊನೆಯ ತಿರುವುಗಳಲ್ಲಿ ಎರಡನೇ ಗೇರು. ಕಾಲು ನೆಲಕ್ಕೆ ತಾಗುವವರೆಗೂ ಒತ್ತಿದ್ದೆ. ವ್ಯಾನ್ ಏನೂ ಕೊಡಲಿಲ್ಲ. ಹೇಸರಗತ್ತೆಯ ಮೇಲೆ ಹುಲ್ಲು ಹೇರಿಕೊಂಡು ಹೋಗುತ್ತಿದ್ದ ಮುದುಕ ನಮಗೆ ಸಲಾಂ ಹೇಳಿ, ಸ್ವಲ್ಪ ದೂರ ಪಕ್ಕದಲ್ಲೇ ನಡೆದ.

ನರ್ಸ್ ಇಜ್ಜಾ ಹಿಂದಿನಿಂದ ಇಳಿದು ಬಂದು ನನ್ನ ಕಿಟಕಿಯ ಹತ್ತಿರ ನಿಂತಳು. ಕೂಗಾಡಲಿಲ್ಲ.

“ಅವಳಿಗಿನ್ನೂ ಅರ್ಧ ಗಂಟೆ ಇತ್ತು, ಜಾಯಿದ್. ನಿನ್ ಗಾಡಿಗೆ ಇರ್ಲಿಲ್ಲ.”

ಸಂಜೆ ತಂಗಿ ತೂಡಾ ಬಾರ್ಲಿ ರೊಟ್ಟಿ ತಂದುಕೊಟ್ಟಳು. ಏಳು ತಿಂಗಳು. ಗಂಡ ಅಗಾದಿರ್‌ನಲ್ಲಿ, ಮೀನಿನ ಬೋಟಿನ ಮೇಲೆ. ಜನವರಿ ಕೊನೆಗೆ ಹೆರಿಗೆ. ಜನವರಿಯಲ್ಲಿ ಈ ಘಟ್ಟದ ಹಿಮ... ಬರೆಯುವುದು ಬೇಡ.

ನವೆಂಬರ್ 14, ಗುರುವಾರ

ಮರಾಕೆಶ್. ರೋಗಿಯನ್ನು ಒಳಗೆ ಬಿಟ್ಟು ಆಸ್ಪತ್ರೆಯ ಗೇಟಿನ ಹತ್ತಿರ ಟ್ಯಾಕ್ಸಿಯವರ ಜೊತೆ ಚಹಾ. ಎಂಜಿನ್ನಿನ ಕಂಪ್ಯೂಟರಿನಲ್ಲಿ ಒಂದು ‘ಮ್ಯಾಪ್’ ಇರುತ್ತದಂತೆ. ಎಷ್ಟು ಡೀಸೆಲ್, ಎಷ್ಟು ಗಾಳಿ, ಯಾವಾಗ, ಎಲ್ಲ ಅದರಲ್ಲಿ. ಅದನ್ನೇ ತಿದ್ದಿ ಬರೆದರೆ ಅದೇ ಎಂಜಿನ್ ಬೇರೆ ಎಂಜಿನ್ ಆಗುತ್ತದಂತೆ. ಜವಾದ್ ಎಂಬುವನ ಅಂಗಡಿಯ ಗುರುತು ಹೇಳಿದರು.

ವಾಪಸು ಬಂದು ಪಂಚಾಯ್ತಿ ಅಧ್ಯಕ್ಷರಿಗೆ ಹೇಳಿದೆ.

“ಬೇಗ ಹೋಗತ್ತಾ?”

“ಹೋಗತ್ತಂತೆ.”

“ಹಾಗಾದ್ರೆ ನನ್ನ ಕೇಳ್ಬೇಡ. ಮಾಡ್ಸು.”

ನವೆಂಬರ್ 21, ಗುರುವಾರ

ಜವಾದ್ ಚಿಕ್ಕ ವಯಸ್ಸಿನವನು, ತೊಳೆದ ಕೈ. ಒಂದು ಬೋಲ್ಟೂ ಬಿಚ್ಚಲಿಲ್ಲ. ಸ್ಟೀರಿಂಗ್ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದ.

“ಎಲ್ಲಿ ಸಾಯತ್ತೆ ನಿಮ್ ಗಾಡಿ?”

“ಘಟ್ಟದ ಮೇಲೆ. ಕೆಳಗೆ ಚೆನ್ನಾಗೇ ಇರತ್ತೆ.”

“ಗೊತ್ತಾಯ್ತು. ಮೇಲೆ ಗಾಳಿ ತೆಳು. ಕಂಪ್ಯೂಟರು ಅದನ್ನ ನೋಡಿ, ಎಂಜಿನ್‌ಗೆ ಗಾಳಿ ಊದೋ ಟರ್ಬೊನ ಹಿಡಿದಿಡತ್ತೆ, ಡೀಸೆಲ್ಲೂ ಕಮ್ಮಿ ಮಾಡತ್ತೆ. ಕಂಪನಿಯವ್ರು ಪುಕ್ಕಲರು ಚಿಕ್ಕಪ್ಪ, ಪುಕ್ಕಲರು. ಆ ಹಿಡಿತ ತೆಗೆದುಬಿಡ್ತೀನಿ. ಜೊತೆಗೆ ಇಷ್ಟು ಬಲ.”

“ಎಂಜಿನ್‌ಗೆ ಏನೂ...?”

“ಆಂಬುಲೆನ್ಸು. ನನಗೂ ದೇವರ ಭಯ ಇದೆ.”

ಚಹಾ ಮುಗಿಯುವುದರೊಳಗೆ ಕೆಲಸ ಮುಗಿದಿತ್ತು. ಖರ್ಜೂರದ ತೋಟಗಳ ಮಧ್ಯದ ನೇರ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದ. ಬೆನ್ನು ಸೀಟಿಗೆ ಅಂಟಿತು. ಜವಾದ್ ಹಲ್ಲು ಬಿಟ್ಟು ನಗುತ್ತಿದ್ದ. ನಾನೂ ನಕ್ಕೆ.

ನವೆಂಬರ್ 22, ಶುಕ್ರವಾರ

ಖಾಲಿ ವ್ಯಾನ್, ಘಟ್ಟ ಹತ್ತಿ ಬಂದೆ. ಎರಡನೇ ಗೇರಿನ ಜಾಗದಲ್ಲೆಲ್ಲ ಮೂರನೆಯದು. ತುದಿಯಲ್ಲೂ ಒತ್ತಿದರೆ ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿತ್ತು. ಕನ್ನಡಿಯಲ್ಲಿ ಕಪ್ಪು ಹೊಗೆ. ಇರಲಿ.

ಇಜ್ಜಾಳನ್ನು ಕೂರಿಸಿಕೊಂಡು ಮೊದಲ ತಿರುವುಗಳವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಇಳಿಯುವಾಗ ಡ್ಯಾಶ್‌ಬೋರ್ಡಿನ ಮೇಲೆ ಒಮ್ಮೆ ಕೈಯಿಟ್ಟಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ಡಿಸೆಂಬರ್ 3, ಮಂಗಳವಾರ

ಇನ್ನೊಬ್ಬಳು. ಅದೇ ರಕ್ತಸ್ರಾವ. ಮುಟ್ಟಿಸಿದೆವು. ಡಾಕ್ಟರು ಇಜ್ಜಾಗೆ, “ಸರಿಯಾದ ಹೊತ್ತಿಗೆ ತಂದ್ರಿ” ಎಂದರಂತೆ. ಅವಳು ವಾಪಸು ಬರುವ ದಾರಿಯಲ್ಲಿ ಅದನ್ನೇ ಎರಡು ಸಲ ಹೇಳಿದಳು.

ಸಂತೆಗೆ ಮಿನಿಬಸ್ ಓಡಿಸುವ ಬೂಜಮಾ ದಾರಿಗಡ್ಡ ನಿಂತ.

“ಏನೋ ಹಾರಿಸ್ತಿದ್ದೀಯಂತೆ! ಸತ್ತವ್ರೂ ಎದ್ದು ಕೂತ್ಕೋತಾರಂತೆ, ಭಯಕ್ಕೆ.”

“ನಿನ್ ಡಬ್ಬಕ್ಕೂ ಮಾಡ್ಸು.”

“ನಂಬರ್ ಕೊಡು ಮತ್ತೆ. ಬಾಯಲ್ಲಿ ಹೇಳಿದ್ರೆ ಬಸ್ಸು ಓಡತ್ತಾ?”

ಕೊಟ್ಟೆ. ನಾನೇ ಜವಾದ್‌ಗೆ ಫೋನ್ ಮಾಡಿ, ನಮ್ಮವನು, ಚೆನ್ನಾಗಿ ಮಾಡಿಕೊಡು ಎಂದೂ ಹೇಳಿದೆ.

ಡಿಸೆಂಬರ್ 12, ಗುರುವಾರ

ಇಜ್ಜಾ ತೂಡಾಳ ಹೊಟ್ಟೆ ನೋಡಿದಳು. ಮಗು ಅಡ್ಡ ಮಲಗಿದೆ. ಇನ್ನೂ ತಿರುಗಬಹುದು. ತಿರುಗದಿದ್ದರೆ ಇಲ್ಲಿ ಹೆರಿಗೆ ಆಗುವುದಿಲ್ಲ, ಆಪರೇಷನ್ನೇ. ಜನವರಿ ಇಪ್ಪತ್ತಕ್ಕೆ ಮೊದಲೇ ಘಟ್ಟ ದಾಟಿಸಿ ಕೆಳಗೆ ಕರೆದೊಯ್ದು ಚಿಕ್ಕಮ್ಮನ ಮನೆಯಲ್ಲಿ ಇರಿಸುವುದೆಂದು ಮಾತಾಯಿತು.

“ಅಷ್ಟು ದಿನ ಚಿಕ್ಕಮ್ಮನ ಬಾಯಿ ಕೇಳ್ಬೇಕಾ?” ತೂಡಾ.

“ನೋವು ಬಂದ್ರೆ ಅಣ್ಣನ ಗಾಡಿ ಇದ್ಯಲ್ಲ,” ಅಮ್ಮ.

ಇಜ್ಜಾ ನನ್ನನ್ನು ನೋಡಿದಳು. ತಲೆಯಾಡಿಸಿದೆ. ಈಗ ಆ ಧೈರ್ಯವಿದೆ.

ಡಿಸೆಂಬರ್ 24, ಮಂಗಳವಾರ

ಶಿಳ್ಳೆ. ಹೋದ ವಾರದಿಂದ. ಕೆಳಗಿಲ್ಲ. ಕೊನೆಯ ತಿರುವುಗಳಲ್ಲಿ, ಒತ್ತಿದಾಗ ಮಾತ್ರ. ಸಣ್ಣಗೆ ಶುರುವಾಗಿ ಹಲ್ಲಿಗೆ ತಾಗುತ್ತದೆ. ಆಯಿಲ್ ಸ್ವಲ್ಪ ಇಳಿದಿದೆ, ಸೋರಿದ ಗುರುತಿಲ್ಲ.

ಜವಾದ್‌ಗೆ ಫೋನ್.

“ಶಿಳ್ಳೆ ಅಂದ್ರೆ ಟರ್ಬೊ ಊದ್ತಿದೆ ಅಂತ ಅರ್ಥ, ಚಿಕ್ಕಪ್ಪ. ಖುಷಿ ಪಡಿ.”

“ಆಯಿಲ್?”

“ಅದು... ಒಂದಿನ ತಗೊಂಡ್ಬನ್ನಿ, ನೋಡೋಣ.”

ಇಜ್ಜಾಗೆ ಹೇಳಿದೆ. ಈ ವಾರ ಇಬ್ಬರಿಗೆ ದಿನ ತುಂಬಿದೆ, ವ್ಯಾನ್ ಒಂದಿಡೀ ದಿನ ಇಲ್ಲದಿದ್ದರೆ ಹೇಗೆ ಎಂದಳು. ನಿಜ. ಮುಂದಿನ ವಾರ.

ಜನವರಿ 6, ಸೋಮವಾರ

ಮುಂದಿನ ವಾರ ಆಗಲಿಲ್ಲ.

ಇವತ್ತು ಅಧ್ಯಕ್ಷರ ಮಾವ. ಎದೆನೋವು ಎಂದರು. ಇಜ್ಜಾ ನಾಡಿ ನೋಡಿ, “ಇದು ಹೊಟ್ಟೆ, ಎದೆಯಲ್ಲ” ಎಂದಳು. ಅಧ್ಯಕ್ಷರು ಕೇಳಲಿಲ್ಲ. ಹೊರಟೆವು.

ತುದಿಗೆ ಇನ್ನೆರಡು ತಿರುವು. ಶಿಳ್ಳೆ ಏರಿತು, ಏರಿತು — ಟಪ್ ಎಂದು ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಕಾಲು ಪೆಡಲ್ ಮೇಲಿಲ್ಲದಿದ್ದರೂ ಎಂಜಿನ್ ತಾನೇ ಏರತೊಡಗಿತು. ಹಿಂದೆ ಬೆಟ್ಟವೇ ಕಾಣದಷ್ಟು ನೀಲಿ ಹೊಗೆ. ಕೀ ತಿರುಗಿಸಿ ಕಿತ್ತೆ. ನಿಲ್ಲಲಿಲ್ಲ. ಕೀ ನನ್ನ ಕೈಯಲ್ಲಿ, ಎಂಜಿನ್ ಕಿರುಚುತ್ತಲೇ ಇದೆ.

ಘಟ್ಟದ ಡ್ರೈವರುಗಳೆಲ್ಲ ಎಂಜಿನ್ ಕೆಟ್ಟಾಗ ಮಾಡುವುದನ್ನೇ ಮಾಡಿದೆ. ಅಪ್ಪ ಲಾರಿಯಲ್ಲಿ ಕಲಿಸಿದ್ದು. ನ್ಯೂಟ್ರಲ್. ಮೂತಿ ಗಾಳಿಗೆ ತಿರುಗಿಸು. ಚಕ್ರಕ್ಕೆ ಕಲ್ಲು ಕೊಡು. ಬಾನೆಟ್ ಎತ್ತು, ತಣ್ಣಗಾಗಲಿ.

ಇಜ್ಜಾ ಮುದುಕನನ್ನು ಎಳೆದುಕೊಂಡು ಓಡಿದಳು. ಅದು ಕೂಗಿ ಕೂಗಿ, ಒಳಗೆ ಏನೋ ಮುರಿದು, ಎಂಜಿನ್ನಿನ ಪಕ್ಕೆ ಒಡೆದುಕೊಂಡು ಒಂದು ಕಬ್ಬಿಣದ ತುಂಡು ರಸ್ತೆಗೆ ಬಿತ್ತು. ಆಮೇಲೆ ಗಾಳಿಯ ಸದ್ದು ಮಾತ್ರ.

ಮುದುಕ ಕಲ್ಲಿನ ಮೇಲೆ ಕೂತು ದೊಡ್ಡದಾಗಿ ತೇಗಿದ. “ಅಲ್ಹಮ್ದುಲಿಲ್ಲಾ,” ಎಂದ. ನೋವು ಹೋಗಿತ್ತು.

ಜನವರಿ 7, ಮಂಗಳವಾರ

ಜವಾದ್ ಎಲ್ಲ ಕೇಳಿಸಿಕೊಂಡ. ಈ ಸಲ ಚಿಕ್ಕಪ್ಪ ಎನ್ನಲಿಲ್ಲ.

“ಟರ್ಬೊದ ಅಕ್ಷ ಮುರಿದು ಆಯಿಲ್ ಎಂಜಿನ್ ಒಳಗೆ ಹೋಗಿದೆ. ಅದನ್ನೇ ಕುಡಿದು ಓಡಿದೆ. ಕೀ ತೆಗೆದ್ರೆ ಡೀಸೆಲ್ ನಿಲ್ಲತ್ತೆ, ಆಯಿಲ್ ನಿಲ್ಲಲ್ಲ. ನಾಲ್ಕನೇ ಗೇರಿಗೆ ಹಾಕಿ ಬ್ರೇಕ್ ತುಳಿದು ಕ್ಲಚ್ ಬಿಟ್ಟಿದ್ರೆ ಉಸಿರು ಕಟ್ಟಿ ನಿಲ್ತಿತ್ತು. ನೀವು ನ್ಯೂಟ್ರಲ್ ಮಾಡಿ, ಗಾಳಿಗೆ ಬೇರೆ ಹಿಡಿದ್ರಿ.”

“ಅಕ್ಷ ಯಾಕೆ ಮುರೀತು?”

“ಮೇಲೆ ಗಾಳಿ ತೆಳು. ಅಷ್ಟೇ ಒತ್ತಡ ಬರ್ಬೇಕಂದ್ರೆ ಟರ್ಬೊ ತುಂಬಾ ಜೋರಾಗಿ ತಿರುಗ್ಬೇಕು. ಆ ಹಿಡಿತ... ಅದಕ್ಕೇ ಇಟ್ಟಿದ್ರು ಅನ್ಸತ್ತೆ.”

“ಅನ್ಸತ್ತೆ?”

“ನಾನು ಇಲ್ಲಿ ಬಯಲಲ್ಲೇ ಓಡಿಸಿ ನೋಡೋದು. ನಿಮ್ ಘಟ್ಟಕ್ಕೆ ನಾನ್ಯಾವತ್ತೂ ಬಂದಿಲ್ಲ, ಜಾಯಿದ್.”

ಅಧ್ಯಕ್ಷರು ಬೇರೆ ಗಾಡಿಗೆ ಬರೆದಿದ್ದಾರೆ. ಮಾರ್ಚ್ ಕಳೆಯಬೇಕಂತೆ. ಅಲ್ಲಿಯವರೆಗೆ ಘಟ್ಟದ ಆಚೆ ಬದಿಯ ಆಂಬುಲೆನ್ಸು ಬರುತ್ತದಂತೆ, ರಸ್ತೆ ತೆರೆದಿದ್ದರೆ.

ತೂಡಾ ಮನೆಗೆ ಬಂದಿದ್ದಳು. ನನ್ನ ಅಂಗಿಯ ಗುಂಡಿ ಹೊಲಿದುಕೊಟ್ಟು ಹೋದಳು.

ಜನವರಿ 12, ಭಾನುವಾರ

ಸಂತೆ. ಬೂಜಮಾನ ಮಿನಿಬಸ್ ಘಟ್ಟ ಇಳಿದು ಬಂತು. ಬಾಗಿಲು ತೆಗೆಯುವ ಮೊದಲೇ ಕೇಳಿದೆ.

“ಮೇಲೆ ಶಿಳ್ಳೆ ಹೊಡೆಯತ್ತಾ?”

“ಹೊಡೆಯತ್ತೆ. ಹುಡ್ಗೀರೆಲ್ಲ ತಿರುಗಿ ನೋಡ್ತಾರೆ.”

“ತಮಾಷೆ ಬಿಡು. ನಾಳೇನೇ ಹೋಗಿ ಹಳೇ ಮ್ಯಾಪ್ ಹಾಕಿಸ್ಕೊಂಡು ಬಾ.”

“ನಿನ್ ಗಾಡಿ ಸತ್ತಿದ್ದಕ್ಕೆ ನನ್ ಗಾಡಿಗೂ ಕಫನ್ ಹೊಲಿಸ್ಲಾ?”

ಕೊರಳಪಟ್ಟಿ ಹಿಡಿದೆ. ಜನ ಬಿಡಿಸಿದರು. ಆಮೇಲೆ ಅವನೇ ಬಿಸಿ ಹರೀರಾ ಸೂಪು ಕುಡಿಸಿದ. ಶನಿವಾರ ತೂಡಾಳನ್ನು ಕೆಳಗೆ ಬಿಟ್ಟು, ಅಲ್ಲಿಂದ ನೇರ ಜವಾದ್ ಹತ್ತಿರ ಹೋಗುವುದಾಗಿ ಮಾತು ಕೊಟ್ಟ. ಅಲ್ಲಿಯವರೆಗೆ ಮೆಲ್ಲಗೆ ಓಡಿಸುತ್ತೇನೆಂದ. ಮಗು ತಿರುಗಿಲ್ಲ. ಶನಿವಾರ ದೂರವೇನಲ್ಲ.

ಜನವರಿ 15, ಬುಧವಾರ

ಹಿಮ. ಬೆಳಿಗ್ಗೆಯಿಂದ ನಿಂತಿಲ್ಲ. ಘಟ್ಟದ ಗೇಟು ಹಾಕಿ ರಸ್ತೆ ಮುಚ್ಚಿದ್ದಾರೆ.

ಜನವರಿ 17, ಶುಕ್ರವಾರ, ಮಧ್ಯಾಹ್ನ

ಗೇಟಿನ ಹತ್ತಿರ. ಬೂಜಮಾನ ಮಿನಿಬಸ್ಸು, ಇನ್ನೂ ಜವಾದ್‌ನ ಮ್ಯಾಪೇ, ಸ್ಟೀರಿಂಗ್ ನನ್ನ ಕೈಯಲ್ಲಿ. ಮೇಲೆ ಹಿಮ ತಳ್ಳುವ ಯಂತ್ರ ಕೆಲಸ ಮಾಡುತ್ತಿದೆ. ಅದು ಇಳಿದು ಬರುವವರೆಗೆ ಬಿಡುವುದಿಲ್ಲ. ಕಾಯುವಷ್ಟು ಹೊತ್ತು ಬರೆಯುತ್ತೇನೆ.

ತೂಡಾಗೆ ಬೆಳಗಿನ ನಮಾಜಿನ ಹೊತ್ತಿಗೆ ನೋವು ಬಂತು. ನೀರು ಹೋಯಿತು. ಇಜ್ಜಾ ಕೈಯಿಟ್ಟು ನೋಡಿ, “ಭುಜ ಸಿಗ್ತಿದೆ” ಎಂದಷ್ಟೇ ಹೇಳಿದಳು. ಆಚೆ ಬದಿಯ ಆಂಬುಲೆನ್ಸು ಅವರ ಗೇಟಿನಲ್ಲೇ ನಿಂತಿದೆ. ಅದಕ್ಕೆ ಹಿಮದಲ್ಲಿ ಚಕ್ರಕ್ಕೆ ಕಟ್ಟುವ ಚೈನ್ ಇಲ್ಲವಂತೆ. ಘಟ್ಟ ದಾಟಿಸಿ ಅಲ್ಲಿಯವರೆಗೆ ಮುಟ್ಟಿಸಬೇಕು.

ಸೀಟುಗಳನ್ನು ಕಿತ್ತು ಹಾಸಿಗೆ ಹಾಕಿದ್ದೇವೆ. ಇಲ್ಲಿಯವರೆಗೆ ಪೆಡಲು ಅರ್ಧವೇ ಒತ್ತಿಕೊಂಡು ಬಂದೆ. ಆದರೂ ಕೊನೆಯ ಏರಿನಲ್ಲಿ ಶಿಳ್ಳೆ ಕೇಳಿಸಿತು. ಅದೇ. ಹಲ್ಲಿಗೆ ತಾಗುವಂಥದ್ದು. ಗೇಟಿನಿಂದ ಮೇಲೆ ಇನ್ನೂ ತೆಳು.

ಬೂಜಮಾ ಪಕ್ಕದಲ್ಲಿ. ನಾಲ್ಕನೇ ಗೇರು, ಬ್ರೇಕು, ಕ್ಲಚ್ಚು ಎಲ್ಲ ಅವನಿಗೂ ಬಾಯಿಪಾಠ ಮಾಡಿಸಿದ್ದೇನೆ. ಎಂಜಿನ್ ನಿಲ್ಲಿಸುವುದಕ್ಕೆ ಅದು. ನಿಂತ ಮೇಲೆ ಏನು ಎನ್ನುವುದು ಅದರಲ್ಲಿಲ್ಲ.

“ಒತ್ತೋ ಮಾರಾಯ,” ಎಂದ. “ಗಾಡಿ ಹೋದ್ರೆ ಹೋಗ್ಲಿ. ನಾನೇನಾದ್ರೂ ಕೇಳಿದ್ನಾ?”

“ಗಾಡಿ ಹೋದ್ರೆ ಇವಳು ಎಲ್ಲಿರ್ತಾಳೆ, ಹೇಳು.”

ಹಿಮ ನೋಡಿದ.

ಹಿಂದಿನಿಂದ ತೂಡಾ, “ಅಣ್ಣಾ, ಯಾಕಿಷ್ಟು ನಿಧಾನ ಬಂದೆ? ನಾನು ಅಲುಗಾಡಿದ್ರೂ ಪರವಾಗಿಲ್ಲ. ತಡ್ಕೋತೀನಿ.”

ಅಲುಗಾಡಿಸಬಾರದೆಂದು ನಿಧಾನ ಬಂದೆ ಎಂದುಕೊಂಡಿದ್ದಾಳೆ. ಹೂಂ ಎಂದೆ.

ಇಜ್ಜಾ ಇಳಿದು ಬಂದು ಕಿಟಕಿಯ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. “ಈ ವೇಗಕ್ಕೆ ಸಾಲಲ್ಲ, ಜಾಯಿದ್. ಮಗುಗೆ ಸಾಲಲ್ಲ. ಅವಳಿಗೂ... ಗೊತ್ತಿಲ್ಲ.”

“ಒತ್ತಿದ್ರೆ ಮುರೀಬಹುದು.”

“ಮುರಿಯತ್ತಾ?”

“ಗೊತ್ತಿಲ್ಲ.”

“ಹಾಗಾದ್ರೆ ಇಬ್ಬರಿಗೂ ಗೊತ್ತಿಲ್ಲ,” ಎಂದು ಹಿಂದೆ ಹೋದಳು.

ಅರ್ಧ ಒತ್ತಿದರೆ ಮುಟ್ಟುತ್ತೇವೆ, ಹೊತ್ತಿಗಲ್ಲ. ಪೂರ್ತಿ ಒತ್ತಿದರೆ ಹೊತ್ತಿಗೆ ಮುಟ್ಟುತ್ತೇವೆ, ಮುಟ್ಟಿದರೆ. ಬೆಳಿಗ್ಗೆಯಿಂದ ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಮೂರನೆಯದು ಕಾಣುತ್ತಿಲ್ಲ.

ಯಂತ್ರ ಕೊನೆಯ ತಿರುವಿನಲ್ಲಿ ಕಾಣಿಸಿತು. ದೀಪ ಹಾಕಿಕೊಂಡು ಇಳಿಯುತ್ತಿದೆ.

ಇಜ್ಜಾ ಕೊಳವೆಯನ್ನು ತೂಡಾಳ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದ್ದಾಳೆ. ಮಗುವಿನ ಎದೆಬಡಿತಕ್ಕೆ ತಕ್ಕಂತೆ ಬೆರಳು ಆಡಿಸುತ್ತಿದ್ದಾಳೆ. ಕನ್ನಡಿಯಲ್ಲಿ ಬೆರಳು ಮಾತ್ರ ಕಾಣುತ್ತದೆ. ಬೆಳಿಗ್ಗೆಯಷ್ಟು ಬೇಗ ಆಡುತ್ತಿಲ್ಲ.

ಕಾವಲಿನವನು ಕೈ ಎತ್ತಿದ. ಗೇಟು ಏಳುತ್ತಿದೆ. ಬೂಜಮಾ ಪೆನ್ನು ಕಿತ್ತುಕೊಳ್ಳಲು ಕೈ ಚಾಚಿದ್ದಾನೆ. ಎರಡನೇ ಗೇರು, ಕಾಲು —