ಅಡ್ಜಸ್ಟ್ ಆಯ್ತದೆ ಬುಡಪ್ಪ

ಕೊಳ್ಳೇಗಾಲ
೯-೧೧-೨೦೨೫, ಭಾನುವಾರ

ನನ್ನ ಚಿನ್ನದಂಥ ಮಗಳು ರಾಣಿಗೆ,

ಅಪ್ಪನ ಆಶೀರ್ವಾದಗಳು. ಮೈಗೆ ಹುಷಾರೇ? ಕಾಲಿನ ಊತ ಇಳಿಯಿತೇ? ಏಳು ತಿಂಗಳ ಬಸುರಿ, ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮವ್ವನಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಫೋನಿನಲ್ಲಿ ಏನು ಕೇಳಿದರೂ ‘ಅಡ್ಜಸ್ಟ್ ಆಯ್ತದೆ ಬುಡಪ್ಪ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕಂಡಕ್ಟರನ ಮಗಳಾಗಿ ನನಗೇ ಅಡ್ಜಸ್ಟ್ ಕಲಿಸುತ್ತೀಯಾ ತಾಯಿ? ಹನೂರಿನ ಬಸ್ಸಿನಲ್ಲಿ ದಿನವಿಡೀ ನಾನು ಜಪಿಸುವುದು ಅದನ್ನೇ. ಇಬ್ಬರ ಸೀಟಿನಲ್ಲಿ ಮೂರನೆಯವರನ್ನು ಕೂರಿಸಲು ಅಡ್ಜಸ್ಟ್, ಚಿಲ್ಲರೆ ಇಲ್ಲದಿದ್ದರೂ ಅಡ್ಜಸ್ಟ್. ನಿಮ್ಮವ್ವನ ರವಿಕೆ ಬಿಗಿಯಾದರೆ ಟೈಲರ್ ಶಾಂತರಾಜು ಮಾಡುವುದೂ ಅಡ್ಜಸ್ಟೇ. ರಜೆ ಕೇಳಿದರೆ ನಮ್ಮ ಸಾಹೇಬರೂ ಅದನ್ನೇ ಅನ್ನುತ್ತಾರೆ, ಆಗ ಅದಕ್ಕೆ ‘ಇಲ್ಲ’ ಎಂದು ಅರ್ಥ. ನಿನ್ನ ಮದುವೆಯಲ್ಲಿ ದೊಡ್ಡವರೆಲ್ಲ ತಲೆ ಸವರಿ ಹೇಳಿದ್ದೂ ಅದೇ ಮಾತು. ಆದರೆ ನಿನ್ನ ಬಾಯಲ್ಲಿ ಬಂದರೆ ನನಗೆ ನಂಬಿಕೆ ಬರುವುದಿಲ್ಲ. ಚಿಕ್ಕಂದಿನಲ್ಲಿ ಮೈ ಸುಡುತ್ತಿದ್ದಾಗಲೂ ನೀನು ಹೀಗೇ ಅನ್ನುತ್ತಿದ್ದೆ.

ಮೊನ್ನೆ ಯಳಂದೂರಿನಾಚೆ ನಿಮ್ಮೂರಿಗೆ ಬಂದಾಗ ಕಣ್ಣಾರೆ ಕಂಡೆ. ರೇಷ್ಮೆ ಹುಳು ದೊಡ್ಡದಾಗಿ ನಡುಮನೆ, ಕೋಣೆ ಎಲ್ಲ ತಟ್ಟೆಗಳೇ. ಹುಳು ಒಳಗೆ, ಮನುಷ್ಯರು ಹೊರಗೆ. ರೇಷ್ಮೆ ಸಾಕುವ ಮನೆಗಳಲ್ಲಿ ಇದು ಹೊಸದೇನಲ್ಲ, ನಿಮ್ಮತ್ತೆ ಶಿವನಂಜಮ್ಮನವರೂ ಜಗಲಿಯಲ್ಲೇ ಮಲಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಚಳಿಯಲ್ಲಿ ನಿನ್ನ ಚಾಪೆಯೂ ಅಲ್ಲೇ ಸುತ್ತಿಟ್ಟಿದ್ದು ಕಂಡು ಟೀ ಲೋಟ ಹಾಗೇ ಕೆಳಗಿಟ್ಟೆ. ಕರೆತರೋಣವೆಂದರೆ ಸೀಮಂತ ಆಗದೆ ತವರಿನವರು ಕರೆಯುವ ಹಾಗಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಿ, ಆ ಗೂಡು ಮಾರ್ಕೆಟ್ಟಿಗೆ ಹೋಗುವವರೆಗೆ ಆ ಮನೆಯವರಿಗೆ ಸೀಮಂತಕ್ಕೆ ಪುರುಸೊತ್ತಿಲ್ಲ. ಬಾಯಿಬಿಟ್ಟರೆ ಬೀಗರನ್ನು ಆಡಿಕೊಂಡ ಹಾಗಾಗುತ್ತದೆ ಎಂದು ಬಸ್ಸಿನ ನೆಪ ಹೇಳಿ ಎದ್ದು ಬಂದೆ.

ಅಳಿಯಂದಿರಿಗೂ ಬೀಗರಿಗೂ ನಮಸ್ಕಾರ ತಿಳಿಸು. ಮಾದಪ್ಪ ನಿನ್ನನ್ನೂ ಹೊಟ್ಟೆಯಲ್ಲಿರುವ ಕಂದನನ್ನೂ ಕಾಯಲಿ.

ನಿನ್ನ ಅಪ್ಪ,
ಪುಟ್ಟಸಿದ್ದಯ್ಯ

ವಿ.ಸೂ.: ಕಾಗದ ಮಡಿಸುವಾಗಲೇ ನಿಮ್ಮತ್ತೆಯವರ ಫೋನು ಬಂತು. ‘ಬೀಗ್ರೇ, ಸಾಸ್ತ್ರ ಆಮೇಕೆ ಮಾಡ್ಕಳವ. ನಾಳೀಕೇ ಬಂದು ನನ್ ಮಗಳ್ನ ಕರ್ಕಂಡೋಗಿ. ರಾತ್ರಿಯೆಲ್ಲಾ ಮಗ್ಗುಲು ಬದ್ಲಾಯಿಸ್ತಾಳೆ, ಕೇಳುದ್ರೆ ಅಡ್ಜಸ್ಟ್ ಆಯ್ತದೆ ಕಣತ್ತೆ ಅಂತಾಳೆ. ನನ್ಗೆ ನೋಡಕ್ಕಾಗಲ್ಲ’ ಎಂದರು. ನಿನ್ನನ್ನು ಸೊಸೆ ಅನ್ನಲಿಲ್ಲ ಕಣವ್ವ, ನನಗೆ ಕಣ್ಣು ತುಂಬಿ ಬಂತು. ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ನಾನೇ ತಂದು ಕೈಗೆ ಕೊಡುತ್ತೇನೆ. ಓದಿದ ಕೂಡಲೇ ಗಂಟುಮೂಟೆ ಕಟ್ಟಬೇಡ. ಮೊದಲು ಹೋಗಿ ನಿಮ್ಮತ್ತೆಯನ್ನು ತಬ್ಬಿಕೊಂಡು ಬಾ.