ಅಲುಗದ ಮೊಗ್ಗುಗಳು

ಭಾನುವಾರ, ಜೂನ್ ೧೪

ಪ್ರೀತಿಯ ಮರಿಗೆ,

ಹೇಗಿದ್ದೀಯ? ಅಪ್ಪನ ಮಂಡಿನೋವು ಇಳಿಯಿತೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕೆಲಸವೇ ಕಾರಣ ಎಂದು ಬರೆದೆ. ಅಷ್ಟೇನೂ ನಿಜವಲ್ಲ ಅನ್ನಿಸಿ ಆ ಹಾಳೆ ಹರಿದೆ. ಕ್ಷಮಿಸು.

"ಅಮ್ಮ, ದಿನವಿಡೀ ಲ್ಯಾಬಿನ ಆ ಕತ್ತಲೆ ಕೋಣೇಲಿ ಏನು ನೋಡ್ತೀಯ? ಇಂಗ್ಲಿಷ್ ಹಾಕದೆ ಹೇಳು ನೋಡೋಣ" ಎಂದು ಸವಾಲು ಹಾಕಿದ್ದೀಯ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ಕನ್ನಡ ಅಡುಗೆಮನೆಯಲ್ಲಿ ಬೆಳೆದದ್ದು. ಆದರೂ ಪ್ರಯತ್ನಿಸುತ್ತೇನೆ.

ಮಿದುಳಿನ ಒಂದು ಜೀವಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳಲು ತನ್ನ ಕೊಂಬೆಗಳ ಮೇಲೆ ಅಣಬೆಯಂಥ ಪುಟ್ಟ ಮೊಗ್ಗುಗಳನ್ನು ಬೆಳೆಸಿಕೊಳ್ಳುತ್ತದೆ. ಮೊಗ್ಗು ಎದ್ದು ನಿಲ್ಲುವುದು ಒಳಗಿನ ಎಳೆಗಳ ಹಂದರದಿಂದ. ಅದು ಕೋಶದ ಅಸ್ಥಿಪಂಜರ. ಆದರೆ ನಮ್ಮ ಮೂಳೆಗಳ ಹಾಗೆ ಗಟ್ಟಿಯಾಗಿ ಕೂತಿರುವುದಿಲ್ಲ. ಒಂದು ತುದಿಯಲ್ಲಿ ಕಟ್ಟುತ್ತ, ಇನ್ನೊಂದು ತುದಿಯಲ್ಲಿ ಬಿಚ್ಚುತ್ತ ಇರುತ್ತದೆ. ಆಚೆಯಿಂದ ಜೋರಾಗಿ ಕರೆ ಬಂದರೆ ಹಂದರ ಹಿಗ್ಗಿ ಮೊಗ್ಗು ದಪ್ಪಗಾಗುತ್ತದೆ, ನಂಟು ಬಲಿಯುತ್ತದೆ. ಕರೆ ಕಡಿಮೆಯಾದರೆ ಮೆಲ್ಲಗೆ ಕುಗ್ಗುತ್ತದೆ.

ಕಳೆದ ವಾರ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಎಳೆಗಳು ಬಿಚ್ಚಿಕೊಳ್ಳದಂತೆ ತಡೆಯುವ ಔಷಧಿ ಹಾಕಿದೆ. ನಂಟುಗಳು ಕುಗ್ಗದೆ ಉಳಿದಾವು ಎಂಬುದು ನನ್ನ ಊಹೆ. ಉಳಿದವು. ಅಷ್ಟು ಅಚ್ಚುಕಟ್ಟಾದ ಚಿತ್ರ ನಾನು ಎಂದೂ ತೆಗೆದಿರಲಿಲ್ಲ. ಆಮೇಲೆ ಕರೆ ಕೊಟ್ಟೆ. ಒಂದು ಮೊಗ್ಗೂ ಬೆಳೆಯಲಿಲ್ಲ.

ಪಕ್ಕದ ಮೇಜಿನ ತಾತ (ನಿವೃತ್ತಿಗೆ ಬಂದ ಸಹೋದ್ಯೋಗಿ, ಎಲ್ಲರೂ ಹಾಗೇ ಕರೆಯುವುದು) ಬಗ್ಗಿ ನೋಡಿ, "ಏನಮ್ಮ, ಫೋಟೋಗೆ ನಿಂತ ಬೀಗರ ಥರ ಬಿಗಿದುಕೊಂಡಿವೆಯಲ್ಲ. ಉಸಿರಾದ್ರೂ ಬಿಡೋಕೆ ಹೇಳು" ಎಂದರು.

"ನಂಟು ಹಾಗೇ ಉಳೀತಲ್ಲ ಸಾರ್."

"ಉಳೀತು. ಕಿವಿ ಮಾತ್ರ ಕೇಳಲ್ಲ" ಎಂದು ಟೀ ಕುಡಿಯಲು ಹೊರಟರು.

ನನಗೆ ನಿನ್ನ ಕೋಣೆ ನೆನಪಾಯಿತು. ಅಪ್ಪನ ಜೊತೆಗಿರುತ್ತೇನೆಂದು ನೀನು ಹೋದಾಗ ನಿನಗೆ ಹನ್ನೊಂದು. ಈಗ ಹದಿನೈದು. ಮೀನಿನ ಚಿತ್ರದ ಪರದೆ, ಗಿಡ್ಡ ಮಂಚ, ಎಲ್ಲ ಹಾಗೇ ಇಟ್ಟಿದ್ದೆ. ಹೋದ ಸಲ ಬಂದಾಗ ನೀನು ಮಂಚದಾಚೆ ಕಾಲು ಚಾಚಿ, "ಅಮ್ಮ, ಇಲ್ಲಿ ಮಲಗ್ತಿದ್ದ ಪಾಪು ಇನ್ನೂ ಬರುತ್ತಾ?" ಎಂದು ನಕ್ಕೆ. ನಾನೂ ನಕ್ಕೆ. ರಾತ್ರಿ ನೀನು ಸೋಫಾದ ಮೇಲೆ ಮಲಗಿದೆ. ನೀನು ಬಂದಾಗ ಏನೂ ಬದಲಾದಂತೆ ಕಾಣಬಾರದು ಎಂದುಕೊಂಡಿದ್ದೆ. ಅದು ನಿನಗಾಗಿಯೋ ನನಗಾಗಿಯೋ ಎಂದು ಕೇಳಿಕೊಂಡಿರಲಿಲ್ಲ.

ನಿನ್ನೆ ಮಂಚ ಬಿಚ್ಚಿದೆ. ತಿರುಪುಗಳು ತುಕ್ಕು ಹಿಡಿದಿದ್ದವು. ಕೆಳಮನೆಯಾಕೆ ಬಂದು ಹಿಡಿದುಕೊಂಡರು. "ಮಗಳು ಬರ್ತಿದಾಳಾ?" ಎಂದರು. "ಕೇಳ್ಬೇಕು" ಎಂದೆ. ಅವರು ಹೋದ ಮೇಲೆ ಖಾಲಿ ಕೋಣೆಯಲ್ಲಿ ನಿಂತು ಸುಮ್ಮನೆ "ಮರೀ" ಎಂದು ಕರೆದು ನೋಡಿದೆ. ಗೋಡೆಗಳು ತಿರುಗಿ ನನಗೇ ಹೇಳಿದವು.

ರಜೆಗೆ ಇಲ್ಲಿಗೋ ಗೆಳತಿಯ ಮನೆಗೋ ಇನ್ನೂ ಗೊತ್ತಿಲ್ಲ ಎಂದು ಬರೆದಿದ್ದೀಯ. ಅಲ್ಲಿಗೆ ಹೋದರೂ ಬೇಸರವಿಲ್ಲ ಎಂದು ಬರೆಯಲಾರೆ, ಬೇಸರವಾಗುತ್ತದೆ. ಬಂದರೆ ಹೊಸ ಮಂಚ ನೀನೇ ಆರಿಸು. ಪರದೆಯನ್ನೂ. ನನಗೆ ಹಿಡಿಸದ ಬಣ್ಣವಾದರೂ ಸರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗೂನು ಹಾಕಿಕೊಂಡು ಓದಬೇಡ. ನಗುನಗುತ್ತ ಬಾಳು, ಕಂದಾ.

ನಿನ್ನ
ಅಮ್ಮ

ತಾ.ಕ.: ಹೋದ ಸಲ ಇಲ್ಲಿಂದ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ನೀನು, "ಮನೆ ತಲುಪಿದ ತಕ್ಷಣ ಫೋನ್ ಮಾಡ್ತೀನಮ್ಮ" ಎಂದೆ. ಮಾಡಿದೆ ಕೂಡ. ಸ್ನಾನಕ್ಕೆ ಹೋಗಿದ್ದೆ ಎಂದು ನಾನು ಆಮೇಲೆ ಮೆಸೇಜ್ ಕಳಿಸಿದೆ. ಹೋಗಿರಲಿಲ್ಲ. ಫೋನ್ ತೊಡೆಯ ಮೇಲೇ ಇತ್ತು. ನೀನು ಮನೆ ಎಂದದ್ದು ಆ ಮನೆಯನ್ನು. ಸರಿಯೇ, ನೀನಿರುವುದು ಅಲ್ಲೇ. ಸರಿ ಎಂದು ನಾನು ಒಪ್ಪಿಕೊಳ್ಳುವಷ್ಟರಲ್ಲಿ ರಿಂಗ್ ನಿಂತುಹೋಯಿತು. ಇನ್ನೊಂದು ಸಲ ಮಾಡು. ಎತ್ತುತ್ತೇನೆ.